ಸಂಜೆ ನಾದಿ, ಬೆಳಿಗ್ಗೆ ಬೇಯಿಸಿ: ಕೆಟ್ಟ ದಿನಗಳಲ್ಲಿ ನನಗೆ ಒಗ್ಗಿದ ಬ್ರೆಡ್

ಹಿಟ್ಟಿಗೆ ಗುದ್ದಿದರೆ ಸಿಟ್ಟು ಇಳಿಯುತ್ತದೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಒಂದು ಕಾಲದಲ್ಲಿ ನಂಬಿದ್ದೆ, ತಿಂಗಳುಗಟ್ಟಲೆ ಗುದ್ದಿಯೂ ನೋಡಿದೆ. ಸಿಟ್ಟು ಇಳಿಯಲಿಲ್ಲ, ಹಿಟ್ಟು ಏಳಲಿಲ್ಲ. ಕೊನೆಗೆ ನನಗೆ ಉಪಯೋಗಕ್ಕೆ ಬಂದದ್ದು ಬ್ರೆಡ್ಡಿನ ವೇಳಾಪಟ್ಟಿ. ದಿನದಲ್ಲಿ ಯಾವ ಹೊತ್ತು ನನ್ನನ್ನು ಹಿಂಡುತ್ತದೋ ಸರಿಯಾಗಿ ಆ ಹೊತ್ತಿಗೆ ಹಿಟ್ಟಿನ ಕೆಲಸ ಬರುವಂತೆ ಇಡೀ ಕ್ರಮವನ್ನು ಹಿಂದುಮುಂದು ಮಾಡಿಕೊಂಡೆ. ಸುಮಾರು ಎರಡು ವರ್ಷದಿಂದ ಇದು ನಡೆಯುತ್ತಿದೆ, ಈಗ ಬರೆಯುವ ಧೈರ್ಯ ಬಂದಿದೆ. ‘ಇದೆಲ್ಲ ನಾಲ್ಕು ದಿನದ ಹುಚ್ಚು’ ಅಂದವರೆಲ್ಲ ಈಗ ನನ್ನ ಲೋಫ್ ತಿನ್ನುತ್ತಿದ್ದಾರೆ ಎನ್ನುವುದನ್ನೂ ಹೇಳಿಬಿಡುತ್ತೇನೆ.

ಅಪ್ಪ ಹೋದ ಮೇಲೆ ನನ್ನ ಸಂಜೆಗಳು ಕೆಟ್ಟವು. ಏಳರಿಂದ ಹತ್ತರವರೆಗೆ ಏನು ಮಾಡಬೇಕೋ ತೋಚುತ್ತಿರಲಿಲ್ಲ. ಅದು ಮುಗಿದರೆ ಬೆಳಗಿನ ಜಾವ ನಾಲ್ಕೂವರೆ, ಐದಕ್ಕೆ ಎಚ್ಚರ, ಎದೆಯ ಮೇಲೆ ಭಾರ, ಹಾಸಿಗೆ ಬಿಡಲು ಯಾವ ಕಾರಣವೂ ಇಲ್ಲ. ಅದೇ ವರ್ಷ ಮಾಡುತ್ತಿದ್ದ ಕೆಲಸವೂ ಹೋಯಿತು. ಬ್ರೆಡ್ ಮಾಡುವುದು ಅದಕ್ಕೂ ಮೊದಲೇ ಗೊತ್ತಿತ್ತು. ಭಾನುವಾರದ ಶೋಕಿಯಾಗಿದ್ದದ್ದು ಆಗ ಔಷಧಿಯಾಗುತ್ತದೆ ಅಂದುಕೊಂಡೆ, ಆಗಲಿಲ್ಲ. ಅಕ್ಕ ಫೋನಿನಲ್ಲಿ ನೇರವಾಗಿಯೇ ಕೇಳಿದಳು: ‘ಎದ್ದು ನಾಲ್ಕು ಜನರ ಹತ್ತಿರ ಹೋಗೋದು ಬಿಟ್ಟು ಓವನ್ ಮುಂದೆ ಕೂತರೆ ದುಃಖ ಹೋಗುತ್ತೇನೋ? ಬ್ರೆಡ್ ಏನು ಅಂಗಡೀಲಿ ಸಿಗಲ್ವಾ?’ ಬೇಕರಿ ನಡೆಸುವ ಗೆಳೆಯನದು ಇನ್ನೊಂದು ರಾಗ: ‘ಮನಸ್ಸು ನೆಟ್ಟಗಿಲ್ಲದಾಗ ಹಿಟ್ಟು ಮುಟ್ಟಬೇಡ, ಮಾಲು ಹಾಳು.’ ಅವನ ಮಾತಿನಲ್ಲಿ ಸತ್ಯವಿತ್ತು. ಮೊದಲ ಆರೇಳು ತಿಂಗಳು ಮಾಲು ನಿಜವಾಗಿಯೂ ಹಾಳಾಯಿತು, ಅದರಲ್ಲೂ ಒಂದು ಕ್ರಮವಿತ್ತು. ಯಾವ ಮನಸ್ಥಿತಿಯಲ್ಲಿ ಬ್ರೆಡ್ ಯಾವ ರೀತಿ ಕೆಡುತ್ತದೆ ಎಂದು ಗುರುತು ಹಾಕಿಕೊಳ್ಳತೊಡಗಿದ ಮೇಲೆಯೇ ದಾರಿ ಕಂಡದ್ದು.

ಸಿಟ್ಟಿನ ಬ್ರೆಡ್ಡನ್ನು ಮೊದಲು ನೋಡೋಣ. ಕೈಯಲ್ಲಿ ಎಷ್ಟು ನಾದಿದರೂ ಹಿಟ್ಟು ಅತಿಯಾಗಿ ನಾದಿಕೊಂಡು ಕೆಡುವುದು ತೀರಾ ಅಪರೂಪ ಎಂದು ನಿಮಗೆ ಗೊತ್ತೇ ಇದೆ. ಮಿಕ್ಸರ್‌ನಲ್ಲಾದರೆ ಬೇರೆ ಮಾತು. ಕೈಯಲ್ಲಾದರೆ ತೋಳೇ ಮೊದಲು ಸೋಲುತ್ತದೆ. ಹಾಗಾದರೆ ನನ್ನ ಸಿಟ್ಟಿನ ದಿನದ ಲೋಫ್‌ಗಳೇಕೆ ಇಟ್ಟಿಗೆಯಾಗುತ್ತಿದ್ದವು? ಕಾರಣ ಒಣ ಹಿಟ್ಟು. ಕೈಗೆ ಅಂಟಿದ್ದನ್ನು ಸಹಿಸುವ ತಾಳ್ಮೆ ಸಿಟ್ಟಿಗೆ ಇರುವುದಿಲ್ಲ. ಒಂದು ಹಿಡಿ ಎರಚು, ಮತ್ತೊಂದು ಹಿಡಿ ಎರಚು. 70 ಪ್ರತಿಶತ ಹೈಡ್ರೇಶನ್ (ಹಿಟ್ಟಿನ ತೂಕಕ್ಕೆ ನೀರಿನ ಪ್ರಮಾಣ) ಎಂದು ತೂಗಿಟ್ಟದ್ದು ನಾದಿ ಮುಗಿಯುವಷ್ಟರಲ್ಲಿ 60ಕ್ಕಿಂತ ಕೆಳಗೆ ಇಳಿದಿರುತ್ತಿತ್ತು. ಅದಕ್ಕೆ ಉಪಾಯ ವಿಚಿತ್ರವಾಗಿದೆ: ಸಿಟ್ಟಿನ ದಿನ ನೀರು ಕಡಿಮೆ ಮಾಡಬಾರದು, ಹೆಚ್ಚಿಸಬೇಕು. 75ಕ್ಕೆ ಏರಿಸಿ, ಒಣ ಹಿಟ್ಟಿನ ಡಬ್ಬ ಕಪಾಟಿನೊಳಗೆ ಇಟ್ಟು ಬೀಗ ಹಾಕಿದಷ್ಟು ದೂರ ಮಾಡಿ, ಎತ್ತಿ ಕಟ್ಟೆಯ ಮೇಲೆ ಬಡಿದು ಮಡಚುವ ವಿಧಾನಕ್ಕೆ ಬಂದೆ. ಬಡಿಯುವಾಗ ಸದ್ದು ಬರುತ್ತದೆ, ಆ ಸದ್ದು ಸಿಟ್ಟಿಗೆ ಇಷ್ಟ. ಹತ್ತು ನಿಮಿಷದಲ್ಲಿ ರಾಡಿಯಂತಿದ್ದದ್ದು ನಯವಾಗಿ ಕೈ ಬಿಡತೊಡಗುತ್ತದೆ. ಸಿಟ್ಟು ಎಲ್ಲಿಗೂ ಹೋಗಿರುವುದಿಲ್ಲ, ಆದರೆ ಹತ್ತು ನಿಮಿಷ ಅದಕ್ಕೊಂದು ಕೆಲಸ ಸಿಕ್ಕಿರುತ್ತದೆ. ಇನ್ನೊಂದು ನಿಯಮವೂ ಮಾಡಿಕೊಂಡೆ: ಸಿಟ್ಟಿದ್ದಾಗ ಕಲಸಬಹುದು, ನಾದಬಹುದು, ಶೇಪಿಂಗ್, ಅಂದರೆ ಹಿಟ್ಟಿಗೆ ಲೋಫಿನ ಆಕಾರ ಕೊಡುವುದು, ಮಾತ್ರ ಕೂಡದು. ಬಿಗಿಯಾಗಿ ಎಳೆದು ಮೇಲ್ಪದರ ಹರಿದ ಲೋಫ್ ಓವನ್‌ನಲ್ಲಿ ಎಲ್ಲೆಂದರಲ್ಲಿ ಬಿರಿಯುತ್ತದೆ. ಆ ಕೆಲಸವನ್ನು ಮಾರನೆಯ ಬೆಳಿಗ್ಗೆಗೆ ತಳ್ಳಿದ್ದೇ ಮುಂದೆ ಇಡೀ ವಿಧಾನಕ್ಕೆ ಬುನಾದಿಯಾಯಿತು.

ಆತಂಕದ ಬ್ರೆಡ್ ಕೆಡುವುದೇ ಬೇರೆ ರೀತಿ. ಆತಂಕ ಬಟ್ಟಲಿನ ಮುಚ್ಚಳ ತೆಗೆದು ಹತ್ತು ನಿಮಿಷಕ್ಕೊಮ್ಮೆ ಬೆರಳಿನಿಂದ ಚುಚ್ಚಿ ನೋಡುತ್ತದೆ, ಓವನ್ ಬಾಗಿಲು ತೆಗೆದು ಬಿಸಿಯನ್ನೂ ಹಬೆಯನ್ನೂ ಹೊರಗೆ ಬಿಡುತ್ತದೆ, ಬೆಂದಿದೆಯೋ ಇಲ್ಲವೋ ಎಂದು ಬಿಸಿ ಲೋಫನ್ನೇ ಕುಯ್ದು ಒಳಗೆಲ್ಲ ಅಂಟಂಟು ಮಾಡುತ್ತದೆ. ಇದಕ್ಕೆ ಮದ್ದು ಎರಡು. ಮೊದಲನೆಯದು ಮುಚ್ಚಳವಿರುವ ದಪ್ಪ ಪಾತ್ರೆ. ಅದರೊಳಗೆ ಬೇಯಿಸಿದರೆ ಮೊದಲ 25 ನಿಮಿಷ ಹೇಗೂ ಏನೂ ಕಾಣುವುದಿಲ್ಲ, ಇಣುಕಿ ಪ್ರಯೋಜನವಿಲ್ಲ. ಹಬೆಯೂ ಒಳಗೇ ಉಳಿಯುತ್ತದೆ, ಓವನ್ ಸ್ಪ್ರಿಂಗ್, ಅಂದರೆ ಓವನ್ನಿನ ಬಿಸಿಗೆ ಲೋಫ್ ಉಬ್ಬುವುದು, ಚೆನ್ನಾಗಿ ಬರುತ್ತದೆ. ಎರಡನೆಯದು ಕಡ್ಡಿಯಂಥ ಥರ್ಮಾಮೀಟರ್. ಲೋಫಿನ ನಡುವೆ 96ರಿಂದ 98 ಡಿಗ್ರಿ ತೋರಿಸಿತೆಂದರೆ ಬೆಂದಿದೆ, ಮಾತು ಮುಗಿಯಿತು. ‘ಸರಿಹೋಗುತ್ತೆ ಬಿಡು’ ಎಂದರೆ ಆತಂಕ ಕೇಳುವುದಿಲ್ಲ, ಅಂಕಿ ತೋರಿಸಿದರೆ ಸ್ವಲ್ಪ ಕೇಳುತ್ತದೆ.

ನಾದದೇ ಮಾಡುವ ಬ್ರೆಡ್ಡನ್ನೂ ಆತಂಕಕ್ಕೆಂದು ಪ್ರಯತ್ನಿಸಿದೆ. 2006ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದು ಎಲ್ಲರ ಬಾಯಲ್ಲಿ ಓಡಾಡಿದ, ಬೇಕರ್ ಜಿಮ್ ಲಾಹಿಯ ವಿಧಾನವದು: ಕಾಲು ಚಮಚ ಯೀಸ್ಟ್, ತುಂಬಾ ನೀರು, 12ರಿಂದ 18 ಗಂಟೆ ಸುಮ್ಮನೆ ಬಿಡುವುದು, ಆಮೇಲೆ ಕಾದ ಪಾತ್ರೆಗೆ ಹಾಕುವುದು. ಬ್ರೆಡ್ ಬಗ್ಗೆ ತಕರಾರೇ ಇಲ್ಲ. ಆರಂಭದ ದಿನಗಳಲ್ಲಿ ನನ್ನ ಕೈಯಿಂದ ಬಂದ ಅತಿ ಚಂದದ ಲೋಫ್‌ಗಳು ಅವೇ. ಮನಸ್ಸಿಗೆ ಮಾತ್ರ ಅದರಿಂದ ಸೊನ್ನೆ. ಕೈಗೆ ಮೂರು ನಿಮಿಷದ ಕೆಲಸ, ಉಳಿದ ಹದಿನೆಂಟು ಗಂಟೆ ನಾನೂ ನನ್ನ ಆತಂಕವೂ. ಅರ್ಧ ಗಂಟೆಗೊಮ್ಮೆ ಒದ್ದೆ ಕೈಯಲ್ಲಿ ಎಳೆದು ಮಡಚುವ ಕ್ರಮಕ್ಕೆ ಬದಲಾಯಿಸಿದೆ. ನಾಲ್ಕು ಸಲ ಮಡಚಲು ಎರಡು ಗಂಟೆ, ನಡುನಡುವೆ ಟೈಮರ್. ಮುಂದಿನ ಗಂಟೆ ಬಡಿಯುವವರೆಗೆ ಮುಟ್ಟುವ ಹಾಗಿಲ್ಲ, ಬಡಿದ ಮೇಲೆ ಮುಟ್ಟದೆ ಇರುವ ಹಾಗಿಲ್ಲ. ಫೋನನ್ನು ಟೈಮರ್ ಮಾಡಬೇಡಿ. ಫೋನ್ ಕೈಗೆ ಬಂದರೆ ಬೇರೆಲ್ಲವೂ ಬರುತ್ತದೆ. ತಿರುಗಿಸುವ ಹಳೇ ಕಾಲದ್ದು ಸಾಕು.

ದುಃಖದ ಬ್ರೆಡ್ಡಿನಲ್ಲಿ ಉಪ್ಪು ಇರುವುದಿಲ್ಲ. ತಮಾಷೆಗೆ ಹೇಳುತ್ತಿಲ್ಲ, ಮರೆವು ಅಷ್ಟಿರುತ್ತದೆ. ಉಪ್ಪಿಲ್ಲದ ಹಿಟ್ಟು ಜೋಲುಬಿದ್ದು, ಅಂಟಿಕೊಂಡು, ಬೇಗ ಉಬ್ಬಿ, ಬೇಗ ಕುಸಿಯುತ್ತದೆ, ಬಾಯಿಗಿಟ್ಟರೆ ಕಾಗದ. ದುಃಖದ ದಿನದ ಇನ್ನೊಂದು ತೊಂದರೆಯೆಂದರೆ ತಕ್ಕಡಿ ತೆಗೆಯುವುದೇ ಬೆಟ್ಟ ಹತ್ತಿದಂತೆ. ಅದಕ್ಕೆ ಕಂಡುಕೊಂಡ ದಾರಿ ಇಷ್ಟು ಸರಳ ಎಂದರೆ ಮೊದಲೇ ಏಕೆ ಹೊಳೆಯಲಿಲ್ಲವೋ: ಒಳ್ಳೆಯ ದಿನ ಕೂತು ನಾಲ್ಕೈದು ಡಬ್ಬಿಗಳಿಗೆ ತಲಾ 500 ಗ್ರಾಂ ಹಿಟ್ಟು ತೂಗಿಡುವುದು, ಪ್ರತಿ ಡಬ್ಬಿಯಲ್ಲೂ 10 ಗ್ರಾಂ ಉಪ್ಪಿನ ಪೊಟ್ಟಣ, 2 ಗ್ರಾಂ ಇನ್‌ಸ್ಟಂಟ್ ಯೀಸ್ಟಿನ ಪೊಟ್ಟಣ. ಕೆಟ್ಟ ದಿನ ಬಂದಾಗ 350 ಗ್ರಾಂ ನೀರು ಸುರಿದರೆ ಆಯಿತು. ಉಪ್ಪನ್ನು ಹಿಟ್ಟಿಗೇ ಬೆರೆಸಿಟ್ಟರೆ ಇನ್ನೂ ಸುಲಭವಲ್ಲವೇ ಎಂದು ಕೇಳುತ್ತೀರಿ. ಬೆರೆಸುವುದಿಲ್ಲ, ಆಟೋಲೈಸ್ ನನಗೆ ಬೇಕು.

ಅದು ಏಕೆ ಬೇಕೆಂದರೆ, ಹಿಟ್ಟಿಗೆ ಬಿಗುವು ಕೊಡುವ ಗ್ಲುಟೆನ್‌ಗಾಗಿ ಅಷ್ಟೇ ಅಲ್ಲ. ಹಿಟ್ಟು, ನೀರು ಕಲಸಿ ಉಪ್ಪು ಹಾಕುವ ಮೊದಲು ಸುಮ್ಮನೆ ಬಿಡುವ ಈ ವಿಶ್ರಾಂತಿಯನ್ನು ಫ್ರಾನ್ಸಿನ ಬ್ರೆಡ್ ತಜ್ಞ ರೇಮಂಡ್ ಕಾಲ್ವೆಲ್ 1970ರ ದಶಕದಲ್ಲಿ ರೂಢಿಗೆ ತಂದರು. ನಾದುವ ಕೆಲಸ ಅರ್ಧ ತಾನಾಗಿಯೇ ಆಗುತ್ತದೆ. ನಾನು ಆ ಅರ್ಧ ಗಂಟೆಯನ್ನು ಅಳುವುದಕ್ಕೆ ಇಟ್ಟುಕೊಂಡಿದ್ದೇನೆ. ಅಳು ಬಂದರೆ ಅಳುವುದು, ಬಾರದಿದ್ದರೆ ಕೂರುವುದು, ಅಪ್ಪನ ಬಗ್ಗೆ ಯೋಚಿಸಬೇಕೆಂದರೆ ಯೋಚಿಸುವುದು. ಟೈಮರ್ ಬಡಿದಾಗ ಉಪ್ಪಿನ ಪೊಟ್ಟಣ ಬಿಡಿಸಬೇಕು. ಕೇಳಲು ಬಾಲಿಶವಾಗಿದೆ, ಆದರೆ ದಿನವಿಡೀ ಅಲ್ಲೊಂದು ಇಲ್ಲೊಂದು ಉಕ್ಕುತ್ತಿದ್ದದ್ದು ಆ ಹೊತ್ತಿಗೆ ಕಾಯುವುದನ್ನು ಕಲಿತಿತು. ಕೌನ್ಸೆಲರ್ ಹತ್ತಿರ ಹೇಳಿದಾಗ ಅವರು ನಗಲಿಲ್ಲ, ಬರೆದುಕೊಂಡರು.

ಈಗ ವೇಳಾಪಟ್ಟಿ. ಸಂಜೆ ಏಳಕ್ಕೆ ಹಿಟ್ಟು, ನೀರು. ಏಳೂವರೆಗೆ ಯೀಸ್ಟ್, ಉಪ್ಪು, ನಾದುವುದು. ಅಲ್ಲಿಂದ ಹತ್ತು ಗಂಟೆಯ ತನಕ ಅರ್ಧ ಗಂಟೆಗೊಮ್ಮೆ ಮಡಚುವುದು. ಹತ್ತಕ್ಕೆ ಮುಚ್ಚಿ ಫ್ರಿಜ್ಜಿಗೆ. ಹಿಟ್ಟು ಆ ಹೊತ್ತಿಗೆ ಅರ್ಧದಷ್ಟು ಉಬ್ಬಿದ್ದರೆ ಸಾಕು, ಇಮ್ಮಡಿಯಾಗಲು ಬಿಡಬೇಡಿ. ಫ್ರಿಜ್ಜಿನೊಳಗೆ ಮುದ್ದೆಯ ನಡುಭಾಗ ತಣ್ಣಗಾಗಲು ಗಂಟೆಗಳೇ ಬೇಕು, ಅಲ್ಲಿಯವರೆಗೆ ಯೀಸ್ಟ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಬೆಳಿಗ್ಗೆ ಐದೂವರೆ ಆರಕ್ಕೆ ಹೊರತೆಗೆದು ಶೇಪಿಂಗ್. ತಣ್ಣನೆಯ ಹಿಟ್ಟು ಮಾತು ಕೇಳುತ್ತದೆ, ನಿದ್ದೆಗಣ್ಣಿನ ಕೈಗೂ ಸಿಗುತ್ತದೆ. ಒಂದೂಕಾಲು ಗಂಟೆ ಬಿಟ್ಟು, ಅದರ ಕೊನೆಯ ಮುಕ್ಕಾಲು ಗಂಟೆ ಪಾತ್ರೆಯನ್ನು ಓವನ್‌ನೊಳಗೆ ಕಾಯಿಸಿ, 240 ಡಿಗ್ರಿಯಲ್ಲಿ ಮುಚ್ಚಳ ಹಾಕಿ 25 ನಿಮಿಷ, ಮುಚ್ಚಳ ತೆಗೆದು 220ರಲ್ಲಿ ಇನ್ನೊಂದು 20. ಆಮೇಲೆ ಕನಿಷ್ಠ ಒಂದು ಗಂಟೆ ಚಾಕು ಮುಟ್ಟುವಂತಿಲ್ಲ.

ನನ್ನ ಮಟ್ಟಿಗೆ ಇದರ ಗುಟ್ಟು ಬೆಳಗಿನ ಶೇಪಿಂಗ್‌ನಲ್ಲಿದೆ. ಮೊದಲೆಲ್ಲ ಸಂಜೆ ಶುರುಮಾಡಿ ಮಧ್ಯರಾತ್ರಿಯೊಳಗೆ ಬೇಯಿಸಿ ಮುಗಿಸುತ್ತಿದ್ದೆ. ಬ್ರೆಡ್ ಸಿಗುತ್ತಿತ್ತು, ಬೆಳಗಿನ ಜಾವ ಎಚ್ಚರವಾದಾಗ ಎದೆಯ ಭಾರ ಅಲ್ಲೇ ಇರುತ್ತಿತ್ತು. ಕೆಲಸವನ್ನು ಎರಡು ತುಂಡು ಮಾಡಿ ರಾತ್ರಿಯನ್ನು ನಡುವೆ ಇಟ್ಟ ಮೇಲೆ ಐದು ಗಂಟೆಯ ಎಚ್ಚರಕ್ಕೆ ಒಂದು ಅರ್ಥ ಬಂತು: ಫ್ರಿಜ್ಜಿನಲ್ಲಿ ಹಿಟ್ಟಿದೆ, ಏಳದಿದ್ದರೆ ಹುಳಿಯಾಗುತ್ತದೆ. ಖಿನ್ನತೆಗೆ ಕೊಡುವ ಒಂದು ಚಿಕಿತ್ಸೆಯಲ್ಲಿ ಮನಸ್ಸು ಸರಿಹೋಗಲಿ ಎಂದು ಕಾಯದೆ ಮೊದಲೇ ನಿಗದಿಮಾಡಿದ ಸಣ್ಣ ಕೆಲಸವನ್ನು ಆ ಹೊತ್ತಿಗೆ ಮಾಡಿಸುತ್ತಾರೆ. ನಾನು ಮಾಡಿದ್ದು ಹೆಚ್ಚುಕಡಿಮೆ ಅದೇ ಎಂದು ಕೌನ್ಸೆಲರ್ ಆಮೇಲೆ ಹೇಳಿದರು. ನನಗದು ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಯೀಸ್ಟ್ 4 ಡಿಗ್ರಿಯಲ್ಲಿ ನಿಧಾನವಾಗುತ್ತದೆ ಎನ್ನುವುದಷ್ಟೇ.

ಸೆಖೆಯ ದಿನಗಳಲ್ಲಿ ಈ ಲೆಕ್ಕ ತಪ್ಪುತ್ತದೆ. ಕಲಸಿದ ಹಿಟ್ಟು 25 ಡಿಗ್ರಿಯ ಆಸುಪಾಸಿನಲ್ಲಿ ಶುರುವಾಗಬೇಕು. 25ನ್ನು ಮೂರರಿಂದ ಗುಣಿಸಿ, ಅದರಿಂದ ಕೋಣೆಯ ಉಷ್ಣತೆ, ಒಣ ಹಿಟ್ಟಿನ ಉಷ್ಣತೆ, ನಾದುವಾಗ ಏರುವ ಎರಡು ಮೂರು ಡಿಗ್ರಿ ಕಳೆದರೆ ಉಳಿದದ್ದು ನೀರಿನ ಉಷ್ಣತೆ. ಕೋಣೆಯೂ ಒಣ ಹಿಟ್ಟೂ 30 ಇದ್ದರೆ ನೀರು ಸುಮಾರು 12. ನಲ್ಲಿ ನೀರಿನಲ್ಲಿ ಇದಾಗುವುದಿಲ್ಲ, ಐಸ್ ಬೇಕು.

ದುಡ್ಡಿನ ವಿಷಯ. ದುಃಖದಲ್ಲಿ ಬ್ರೆಡ್ ಮಾಡುವುದಕ್ಕಿಂತ ದುಃಖದಲ್ಲಿ ಬ್ರೆಡ್ಡಿನ ಸಾಮಾನು ಕೊಳ್ಳುವುದು ಸುಲಭ. ಕೆಲಸ ಬಿಟ್ಟುಹೋದ ಮೇಲೂ ರಾತ್ರಿ ಕೂತು ಆರ್ಡರ್ ಮಾಡಿದ ಸಾಮಾನಿನ ಪಟ್ಟಿ ಉದ್ದ ಇದೆ: ಬೆತ್ತದ ಬುಟ್ಟಿಗಳು, ಮೂರು ಬಗೆಯ ಬ್ಲೇಡು, ಬೇಕಿಂಗ್ ಕಲ್ಲು, ಹಿಟ್ಟು ಹುದುಗಿಸುವ ಪುಟ್ಟ ಪೆಟ್ಟಿಗೆ. ಎಲ್ಲ ಸೇರಿಸಿದರೆ ಓವನ್ನಿನ ಬೆಲೆಗಿಂತ ಜಾಸ್ತಿಯಾಗಿತ್ತು. ಪಾರ್ಸೆಲ್ ಬಂದ ದಿನ ಖುಷಿ, ಮಾರನೆಯ ದಿನ ಮತ್ತದೇ. ಅದರಲ್ಲಿ ಇಂದಿಗೂ ಬಳಸುತ್ತಿರುವುದು ಒಂದು ಬುಟ್ಟಿ ಮಾತ್ರ, ಅದರ ಬದಲು ಬಟ್ಟೆ ಹಾಸಿದ ಬಟ್ಟಲೂ ನಡೆಯುತ್ತದೆ. ದುಡ್ಡು ಹಾಕಲು ಯೋಗ್ಯವಾದದ್ದು ಮೂರೇ: ಗ್ರಾಂ ತೋರಿಸುವ ತಕ್ಕಡಿ, ದಪ್ಪ ಪಾತ್ರೆ, ಥರ್ಮಾಮೀಟರ್. ಪಾತ್ರೆ ದುಬಾರಿ ಎನಾಮಲ್‌ನದ್ದೇ ಆಗಬೇಕಿಲ್ಲ, ಮುಚ್ಚಳದ ಹಿಡಿ ಪ್ಲಾಸ್ಟಿಕ್ ಆಗಿರದಿದ್ದರೆ ಸಾಕು. ನಿಜವಾದ ಖರ್ಚು ಕರೆಂಟಿನದು. ಒಂದು ಲೋಫಿಗಾಗಿ ಒಂದೂವರೆ ಗಂಟೆ ಓವನ್ ಉರಿಸುವುದು ಹಿಟ್ಟಿನ ಖರ್ಚನ್ನೇ ಮೀರುತ್ತದೆ. ಬಿಲ್ಲು ನೋಡಿದ ಮೇಲೆ ಎರಡು ಲೋಫ್ ಒಂದರ ಹಿಂದೊಂದು ಬೇಯಿಸತೊಡಗಿದೆ. ಎರಡನೆಯದಕ್ಕೆ ಓವನ್ ಆಗಲೇ ಕಾದಿರುತ್ತದೆ. ಒಟ್ಟು ಲೆಕ್ಕದಲ್ಲಿ ಅಂಗಡಿಯ ಬ್ರೆಡ್ಡಿಗಿಂತ ಅಗ್ಗವೇನಲ್ಲ, ಅಕ್ಕನ ಆ ಮಾತು ಸರಿಯೇ. ಹಾಳಾದ ಲೋಫ್‌ಗಳನ್ನು ಎಸೆಯದೆ ಒಣಗಿಸಿ ಪುಡಿಮಾಡಿ ಇಟ್ಟುಕೊಂಡಿದ್ದೆ. ಆ ಪುಡಿ ಒಂದು ಹಂತದಲ್ಲಿ ನಮ್ಮ ಮನೆಯ ದೊಡ್ಡ ಡಬ್ಬಿಗಳನ್ನೆಲ್ಲ ಆಕ್ರಮಿಸಿತ್ತು.

ಸೌರ್‌ಡೋ (ಪೊಟ್ಟಣದ ಯೀಸ್ಟ್ ಇಲ್ಲದೆ, ತಾನಾಗಿ ಹುದುಗಿದ ಹಿಟ್ಟಿನಿಂದ ಮಾಡುವ ಬ್ರೆಡ್) ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. 2020ರಲ್ಲಿ ಲೋಕಕ್ಕೆಲ್ಲ ಬೀಗ ಬಿದ್ದು, ಅಂಗಡಿಗಳಲ್ಲಿ ಯೀಸ್ಟ್ ಸಿಗದಾದಾಗ ಮನೆಮನೆಯಲ್ಲೂ ಸ್ಟಾರ್ಟರ್, ಅಂದರೆ ಅದಕ್ಕೆ ಬೇಕಾದ ಹಿಟ್ಟು ನೀರಿನ ಹುದುಗು, ಹುಟ್ಟಿತು, ಅದಕ್ಕೆ ಹೆಸರಿಟ್ಟು ಸಾಕಿದರು. ‘ನಿನ್ನನ್ನು ನಂಬಿದ ಒಂದು ಜೀವವಿದ್ದರೆ ಮನಸ್ಸು ಗಟ್ಟಿಯಾಗುತ್ತೆ’ ಎಂದು ನನಗೂ ಉಪದೇಶವಾಯಿತು. ಆದರೆ ಮೈಯೆತ್ತಲು ಆಗದ ವಾರದಲ್ಲಿ ಫ್ರಿಜ್ಜಿನ ಮೂಲೆಯಿಂದ ಆ ಬಾಟಲಿ ನೋಡುತ್ತಿದ್ದರೆ ಗಟ್ಟಿಯಾಗುವುದು ತಪ್ಪಿತಸ್ಥ ಭಾವನೆ ಮಾತ್ರ. ಹಾಗಾಗಿ ಕೆಟ್ಟ ಕಾಲದಲ್ಲಿ ಶುರುಮಾಡುವವರಿಗೆ ಪೊಟ್ಟಣದ ಯೀಸ್ಟೇ ಸರಿ. ಅದು ಯಾರ ಮೇಲೂ ಮುನಿಸಿಕೊಳ್ಳುವುದಿಲ್ಲ. ಈಗಾಗಲೇ ಸ್ಟಾರ್ಟರ್ ಇದ್ದವರು ಹೆದರಬೇಕಿಲ್ಲ: ಫ್ರಿಜ್ಜಿನಲ್ಲಿ ವಾರಗಟ್ಟಲೆ ಮರೆತರೂ ಅದು ಸುಲಭಕ್ಕೆ ಸಾಯುವುದಿಲ್ಲ. ಮೇಲೆ ನಿಂತ ಕಪ್ಪು ನೀರು ಬರೀ ಹಸಿವಿನ ಗುರುತು. ಚೆಲ್ಲಿ ಎರಡು ಮೂರು ಸಲ ಹೊಸ ಹಿಟ್ಟು, ನೀರು ಕೊಟ್ಟರೆ ಮತ್ತೆ ಏಳುತ್ತದೆ. ಬಣ್ಣಬಣ್ಣದ ಬೂಷ್ಟು ಬಂದಿದ್ದರೆ ಮಾತ್ರ ಎಸೆಯಿರಿ.

ನಡುವೆ ಕೆಲವು ಅಡ್ಡ ಪ್ರಯೋಗಗಳೂ ಆದವು. ಸುಮಾರು ಒಂದು ತಿಂಗಳು ಗೆಳೆಯನ ಮಿಕ್ಸರ್ ತಂದು ನಾದುವುದನ್ನೆಲ್ಲ ಅದಕ್ಕೆ ಬಿಟ್ಟೆ. ಬ್ರೆಡ್ ಚೂರು ಸುಧಾರಿಸಿತು, ಸಂಜೆಗಳು ಮೊದಲಿನಷ್ಟೇ ಕೆಟ್ಟವು; ವಾಪಸ್ ಕೊಟ್ಟೆ. ಹಿಟ್ಟಿನ ಸ್ವಲ್ಪ ಭಾಗವನ್ನು ಐದು ಪಟ್ಟು ನೀರಿನಲ್ಲಿ 65 ಡಿಗ್ರಿವರೆಗೆ ಕುದಿಸದೆ ಕಾಯಿಸಿ ಗಂಜಿಯಂತೆ ಮಾಡಿ ಸೇರಿಸುವ ತಾಂಗ್‌ಜೋಂಗ್ ಲೋಫ್ ಅಕ್ಕನ ಮಕ್ಕಳಿಗಾಗಿ ಶುರುವಾದದ್ದು. ನಾಲ್ಕು ದಿನ ಮೆತ್ತಗಿರುತ್ತದೆ, ಗಂಜಿ ಕಲಕುವ ಐದು ನಿಮಿಷ ಬೇರೇನೂ ಯೋಚಿಸಲು ಬಿಡುವುದಿಲ್ಲ. ಕೋಪಕ್ಕಲ್ಲ, ಮಂಕು ಕವಿದ ದಿನಕ್ಕೆ ಅದು ಒಳ್ಳೆಯದು. ನನಗೆ ಅತಿ ಹೆಚ್ಚು ಹಿಡಿಸಿದ್ದು ಹಳೇ ಹಿಟ್ಟಿನ ಆಟ: ಪ್ರತಿ ಸಲ ಒಂದು ಹಿಡಿ ನಾದಿದ ಹಿಟ್ಟು ಎತ್ತಿಟ್ಟು, ಫ್ರಿಜ್ಜಿನಲ್ಲಿಟ್ಟು, ಎರಡು ಮೂರು ದಿನದೊಳಗೆ ಮುಂದಿನ ಹಿಟ್ಟಿಗೆ ಸೇರಿಸುವುದು. ರುಚಿ ಕೂಡಲೇ ಗೊತ್ತಾಗುವಷ್ಟು ಏರಿತು. ಆ ಹಳೇ ಹಿಟ್ಟಿನ ಜೊತೆಗೆ ನಾನು ನೀರಿಗೆ ಇನ್ನೊಂದು ಪದಾರ್ಥ ಹಾಕುತ್ತೇನೆ. ಅದೇನೆಂದು ಬೇಕರಿಯ ಗೆಳೆಯ ಮೂರು ಸಲ ಕೇಳಿದ್ದಾನೆ, ಅವನಿಗೇ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಸುಳಿವು ಬೇಕಿದ್ದರೆ, ಅದು ಸಿಹಿಯಲ್ಲ. ಬೆಳಗಿನ ಶೇಪಿಂಗ್‌ಗೆ ಮೊದಲು ಕೈ ಬೆಚ್ಚಗೆ ಮಾಡಿಕೊಳ್ಳುವ ಕ್ರಮವೂ ಒಂದಿದೆ, ಅದೂ ನನ್ನ ಹತ್ತಿರವೇ ಇರಲಿ.

ಯಾರು ತಿನ್ನಬೇಕು ಎನ್ನುವ ಪ್ರಶ್ನೆ ಬೇಗ ಬರುತ್ತದೆ. ಮೊದಮೊದಲು ನಾನೇ ತಿಂದೆ. ಹಸಿವಿಲ್ಲದೆ, ರಾತ್ರಿ, ನಿಂತುಕೊಂಡೇ, ಬೆಣ್ಣೆ ಹಚ್ಚಿ. ತೂಕ ನಾಲ್ಕೈದು ಕಿಲೋ ಏರಿತು, ಅದು ಬೇರೆ ದುಃಖವಾಯಿತು. ಎರಡು ಲೋಫ್ ಬೇಯಿಸತೊಡಗಿದ ಮೇಲೆ ಒಂದು ಕಡ್ಡಾಯವಾಗಿ ಮನೆಯಿಂದ ಹೊರಗೆ ಹೋಗಬೇಕು ಎಂದು ನಿಯಮ ಮಾಡಿದೆ. ಕೊಡಲು ಹೋದಾಗ ಬಾಗಿಲಲ್ಲಿ ಎರಡು ಮಾತು ಆಡಲೇಬೇಕಾಗುತ್ತದೆ. ‘ಹೇಗಿದ್ದೀಯ’ ಎಂದು ಕೇಳಿದರೆ ತಡವರಿಸುತ್ತಿದ್ದ ನಾನು ‘ಈ ಸಲ ಒಳಗೆ ತೂತು ಚೆನ್ನಾಗಿ ಬಂದಿದೆ’ ಎಂದು ಶುರುಮಾಡಬಹುದಿತ್ತು. ನಾಲ್ಕು ಜನರ ಹತ್ತಿರ ಹೋಗು ಎಂದಿದ್ದ ಅಕ್ಕನಿಗೆ ಇದನ್ನು ಬೇಕೆಂದೇ ವಿವರವಾಗಿ ಹೇಳಿದೆ. ಈಗ ಅವಳು ವಾರಕ್ಕೊಂದು ಲೋಫ್ ಹಕ್ಕಿನಿಂದ ಕೇಳುತ್ತಾಳೆ, ತಳ ಸ್ವಲ್ಪ ಕಪ್ಪಾದರೂ ಮಾತು ಕೇಳಿಸುತ್ತಾಳೆ.

ಇದೊಂದರಿಂದಲೇ ನಾನು ಸರಿಹೋದೆ ಎಂದುಕೊಳ್ಳಬೇಡಿ. ಕೌನ್ಸೆಲರ್ ಇದ್ದರು, ಸುಮಾರು ಒಂದು ವರ್ಷ ವೈದ್ಯರು ಬರೆದ ಮಾತ್ರೆಯೂ ಇತ್ತು. ಡಬ್ಬಿ ತೆರೆಯಲೂ ಆಗದ ದಿನಗಳು ಆಗ ಇದ್ದವು, ಈಗಲೂ ಯಾವಾಗಲಾದರೊಮ್ಮೆ ಬರುತ್ತವೆ. ಅಂಥ ದಿನ ಬ್ರೆಡ್ ಮಾಡಬೇಕೆಂದು ಹಟ ಹಿಡಿಯುವುದಿಲ್ಲ. ಅವು ವಾರಗಟ್ಟಲೆ ಮುಂದುವರಿದರೆ, ಬದುಕೇ ಬೇಡ ಅನ್ನಿಸಿದರೆ, ಹಿಟ್ಟು ಬಿಟ್ಟು ಮೊದಲು ವೈದ್ಯರ ಹತ್ತಿರ ಹೋಗಿ. ಆ ದಿನಗಳಿಗೆಂದೇ ಫ್ರೀಜರ್‌ನಲ್ಲಿ ಹೋಳುಗಳಿವೆ. ಲೋಫ್ ಪೂರ್ತಿ ಆರಿದ ಮೇಲೆ ಹೋಳು ಮಾಡಿ, ಗಾಳಿಯಾಡದಂತೆ ಕಟ್ಟಿ, ಫ್ರೀಜರ್‌ಗೇ ಹಾಕಿ. ಫ್ರಿಜ್ಜಿನ ಕೆಳಗಿನ ಖಾನೆ ಬೇಡ, ಅಲ್ಲಿ ಬ್ರೆಡ್ ಹೊರಗಿಟ್ಟದ್ದಕ್ಕಿಂತ ಬೇಗ ಗಡುಸಾಗುತ್ತದೆ. ಹೆಪ್ಪುಗಟ್ಟಿದ ಹೋಳನ್ನು ಕರಗಿಸದೆ ನೇರ ಟೋಸ್ಟರ್‌ಗೆ ಹಾಕಬಹುದು.

ಸದ್ಯ ರೈ ಎನ್ನುವ, ಗೋಧಿಯಂಥ ಧಾನ್ಯದ ಹಿಟ್ಟಿನ ಹಿಂದೆ ಬಿದ್ದಿದ್ದೇನೆ. ಗ್ಲುಟೆನ್ ಬಲವಿಲ್ಲ, ನಾದಿದರೆ ಗಾರೆ ಕೆಲಸದಂತಾಗುತ್ತದೆ, ಬೆಂದ ಮೇಲೂ ಒಂದು ದಿನ ಕಾಯದೆ ಕುಯ್ಯುವಂತಿಲ್ಲ. ಇಲ್ಲಿಯವರೆಗೆ ಬಂದದ್ದೆಲ್ಲ ಬಾಗಿಲಿಗೆ ಒತ್ತಿಡಲು ಯೋಗ್ಯವಾದವು. ಗೆಳೆಯ ಬಂದು ಒಂದನ್ನು ಕೈಯಲ್ಲಿ ತೂಗಿ ನೋಡಿ, ‘ಇದು ಆಗೋ ಕೆಲಸ ಅಲ್ಲ ಬಿಡು’ ಎಂದು ಹೋಗಿದ್ದಾನೆ. ಮುಂದಿನ ವಾರ ನೀರು 85 ಪ್ರತಿಶತಕ್ಕೆ ಏರಿಸಿ, ಪಾತ್ರೆ ಬಿಟ್ಟು ಚೌಕದ ಟಿನ್ನಿನಲ್ಲಿ ಹಾಕಿ ನೋಡುತ್ತೇನೆ.